ಕೈಯಲ್ಲಿ ಟೈಪ್ ಮಾಡಿದರೆ ಬರುವ ವೈಫೈ, ಬೂಟ್ ಆದಾಗ ಯಾಕೆ ಬರಲ್ಲ?

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಒಂದೇ ಸಂಕಟದವು. ಲಿನಕ್ಸನ್ನು ಸೋರ್ಸ್‌ ಕೋಡಿನಿಂದ ತಾವೇ ಕಟ್ಟಿಕೊಂಡಿದ್ದಾರೆ, ಸಿಸ್ಟಮ್ ಚೆನ್ನಾಗಿ ಏಳುತ್ತದೆ, ವೈಫೈ ಮಾತ್ರ ಏಳಲ್ಲ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಕ್ಕೆ ಹಾಕಿ ಇವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಸರ್, ಲಿನಕ್ಸ್ ಫ್ರಮ್ ಸ್ಕ್ರ್ಯಾಚ್ ಎಂಬ ಪುಸ್ತಕದ ದಾರಿಯಲ್ಲಿ ಒಂದು ಹಳೇ ಲ್ಯಾಪ್‌ಟಾಪಿಗೆ ಸಿಸ್ಟಮ್ ಕಟ್ಟಿದ್ದೇನೆ. ಲಾಗಿನ್ ಆದ ಮೇಲೆ ಮೂರು ಕಮಾಂಡ್ ಕೊಟ್ಟರೆ ವೈಫೈ ಬರುತ್ತದೆ. ಮೊದಲು ಐಪಿ ಲಿಂಕ್ ಕಮಾಂಡಿನಿಂದ ಕಾರ್ಡನ್ನು ಅಪ್ ಮಾಡುತ್ತೇನೆ, ಆಮೇಲೆ ರೌಟರಿಗೆ ಸೇರಿಸುವ ಡಬ್ಲ್ಯೂಪಿಎ ಸಪ್ಲಿಕಂಟನ್ನು ಬ್ಯಾಕ್‌ಗ್ರೌಂಡಿನಲ್ಲಿ ಓಡಿಸುತ್ತೇನೆ, ಕೊನೆಗೆ ಐಪಿ ವಿಳಾಸ ತರುವ, ಬ್ಯುಸಿಬಾಕ್ಸ್ ಎಂಬ ಕಮಾಂಡುಗಳ ಗಂಟಿನ ಯುಡಿಎಚ್‌ಸಿಪಿಸಿ. ಅದೇ ಮೂರು ಸಾಲನ್ನು ಬೂಟ್ ಸ್ಕ್ರಿಪ್ಟಿಗೆ ಹಾಕಿದರೆ ಒಮ್ಮೆ ಬರುತ್ತದೆ, ನಾಲ್ಕು ಸಲ ಬರಲ್ಲ. ನಡುವೆ ಸ್ಲೀಪ್ 10 ಹಾಕಿದ ಮೇಲೆ ಸ್ವಲ್ಪ ಸುಧಾರಿಸಿತು. ಸ್ಲೀಪ್ 20 ಮಾಡಲಾ?

ಉತ್ತರ: ಬೇಡ. ಕೈಯಲ್ಲಿ ಟೈಪ್ ಮಾಡುವಾಗಲೂ ನೀವು ಸ್ಲೀಪ್ ಹಾಕುತ್ತಲೇ ಇದ್ದೀರಿ, ನಿಮಗೆ ಗೊತ್ತಾಗುತ್ತಿಲ್ಲ ಅಷ್ಟೇ. ಎರಡನೇ ಕಮಾಂಡ್ ಕೊಟ್ಟು, ಎಂಟರ್ ಒತ್ತಿ, ಮೂರನೆಯದನ್ನು ಟೈಪ್ ಮಾಡುವಷ್ಟರಲ್ಲಿ ಐದಾರು ಸೆಕೆಂಡ್ ಆಗಿರುತ್ತದೆ. ಆ ಐದಾರು ಸೆಕೆಂಡಿನಲ್ಲೇ ನಿಜವಾದ ಕೆಲಸ ನಡೆಯುವುದು. ಸ್ಕ್ರಿಪ್ಟಿಗೆ ಬೆರಳಿಲ್ಲವಲ್ಲ, ಅದು ಮೂರನ್ನೂ ಒಂದೇ ಉಸಿರಿಗೆ ಮುಗಿಸುತ್ತದೆ.

ಒಳಗೆ ಆಗುವುದು ಇಷ್ಟು. ಸಪ್ಲಿಕಂಟಿಗೆ ದೊಡ್ಡ ಬಿ ಆಪ್ಷನ್ ಕೊಟ್ಟರೆ ಅದು ಬ್ಯಾಕ್‌ಗ್ರೌಂಡಿಗೆ ಹೋಗಿ ಪ್ರಾಂಪ್ಟನ್ನು ತಕ್ಷಣ ಹಿಂದಕ್ಕೆ ಕೊಡುತ್ತದೆ. ನೋಡಿದವರಿಗೆ ಕೆಲಸ ಮುಗಿಯಿತು ಅನ್ನಿಸುತ್ತದೆ. ಆದರೆ ಅದು ಆಗ ತಾನೇ ಸ್ಕ್ಯಾನ್ ಶುರು ಮಾಡಿರುತ್ತದೆ. ಇನ್ನು ರೌಟರ್ ಹುಡುಕಬೇಕು, ಅಸೋಸಿಯೇಟ್ ಆಗಬೇಕು, ನಾಲ್ಕು ಮೆಸೇಜಿನ ಹ್ಯಾಂಡ್‌ಶೇಕ್ ಮುಗಿಸಿ ಕೀ ಒಪ್ಪಿಸಬೇಕು. ಅಷ್ಟಾಗುವ ತನಕ ಆ ಕಾರ್ಡಿನಲ್ಲಿ ಮಾಮೂಲಿ ಡೇಟಾ ಒಂದು ಪ್ಯಾಕೆಟ್ಟೂ ಹೋಗುವುದಿಲ್ಲ. ಅಷ್ಟರೊಳಗೆ ಯುಡಿಎಚ್‌ಸಿಪಿಸಿ ಐಪಿ ವಿಳಾಸ ಕೊಡಿ ಎಂದು ಕೂಗಲು ಶುರು ಮಾಡಿರುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಮಾಮೂಲಿಯಾಗಿ ಅದು ಮೂರು ಸೆಕೆಂಡಿಗೊಮ್ಮೆ ಮೂರು ಸಲ ಕೇಳುತ್ತದೆ. ನೀವು ಜೊತೆಗೆ ಸಣ್ಣ ಎನ್ ಆಪ್ಷನ್ ಕೊಟ್ಟಿದ್ದರೆ, ಉತ್ತರ ಬರಲಿಲ್ಲ ಎಂದು ಅಲ್ಲಿಗೇ ಕೈಬಿಟ್ಟು ಹೊರಗೆ ಬರುತ್ತದೆ. ರೌಟರ್ ಬೇಗ ಸಿಕ್ಕ ದಿನ ಗೆಲ್ಲುತ್ತೀರಿ, ತಡವಾದ ದಿನ ಸೋಲುತ್ತೀರಿ. ಸ್ಲೀಪ್ 20 ಹಾಕಿದರೆ ಗೆಲ್ಲುವ ದಿನಗಳು ಹೆಚ್ಚಾಗುತ್ತವೆ, ಜೂಜು ಮಾತ್ರ ಜೂಜೇ.

ಸರಿಯಾದ ಕ್ರಮವೆಂದರೆ ಸೆಕೆಂಡ್ ಎಣಿಸದೆ ಘಟನೆಗೆ ಕಾಯುವುದು. ಎರಡು ದಾರಿ ಇದೆ. ಸುಲಭದ್ದು, ಯುಡಿಎಚ್‌ಸಿಪಿಸಿ ಬಿಟ್ಟು ಡಿಎಚ್‌ಸಿಪಿಸಿಡಿ ಹಾಕಿಕೊಳ್ಳುವುದು. ಅದು ಕಾರ್ಡಿನ ಕ್ಯಾರಿಯರ್ ಸ್ಥಿತಿಯನ್ನು, ಅಂದರೆ ಲಿಂಕ್ ಇದೆಯೋ ಇಲ್ಲವೋ ಎಂಬುದನ್ನು, ಲಿನಕ್ಸಿನ ತಿರುಳಾದ ಕರ್ನಲ್‌ನಿಂದ ಕೇಳಿಸಿಕೊಳ್ಳುತ್ತಾ ಕೂರುತ್ತದೆ, ಲಿಂಕ್ ಬಂದ ಮೇಲೇ ವಿಳಾಸ ಕೇಳುತ್ತದೆ, ಲಿಂಕ್ ಹೋಗಿ ಮತ್ತೆ ಬಂದರೆ ಮತ್ತೆ ಕೇಳುತ್ತದೆ. ಬ್ಯುಸಿಬಾಕ್ಸನ್ನೇ ಇಟ್ಟುಕೊಳ್ಳಬೇಕು ಅಂದರೆ ಡಬ್ಲ್ಯೂಪಿಎ ಸಿಎಲ್‌ಐ ಎಂಬ ಜೊತೆಗಾರ ಪ್ರೋಗ್ರಾಮ್ ಇದೆಯಲ್ಲ, ಅದಕ್ಕೆ ಸಣ್ಣ ಎ ಆಪ್ಷನ್ ಕೊಟ್ಟು ನಿಮ್ಮ ಒಂದು ಪುಟ್ಟ ಸ್ಕ್ರಿಪ್ಟಿನ ಹೆಸರು ಹೇಳಿ. ಸಂಪರ್ಕ ಬಂದಾಗ 'ಕನೆಕ್ಟೆಡ್' ಎಂದೂ ಹೋದಾಗ 'ಡಿಸ್‌ಕನೆಕ್ಟೆಡ್' ಎಂದೂ ಅದು ನಿಮ್ಮ ಸ್ಕ್ರಿಪ್ಟನ್ನು ಕರೆಯುತ್ತದೆ. ಕನೆಕ್ಟೆಡ್ ಬಂದಾಗ ಯುಡಿಎಚ್‌ಸಿಪಿಸಿ ಓಡಿಸಿದರೆ ಆಯಿತು. ಒಂದು ಮಾತು: ಇದು ನಡೆಯಬೇಕಾದರೆ ಸಪ್ಲಿಕಂಟಿನ ಕಾನ್ಫಿಗ್ ಫೈಲಿನಲ್ಲಿ ಕಂಟ್ರೋಲ್ ಇಂಟರ್‌ಫೇಸ್ ಸಾಲು ಇರಲೇಬೇಕು. ಡಬ್ಲ್ಯೂಪಿಎ ಪಾಸ್‌ಫ್ರೇಸ್ ಕಮಾಂಡ್ ತಯಾರಿಸಿ ಕೊಡುವ ಫೈಲಿನಲ್ಲಿ ಆ ಸಾಲು ಇರುವುದಿಲ್ಲ, ನೀವೇ ಸೇರಿಸಬೇಕು.

ಬೂಟ್ ಆಗುವಾಗ ಸರ್ವಿಸ್‌ಗಳನ್ನು ಎಬ್ಬಿಸಲು ಹಳೇ ಸಿಸ್‌ವಿ ಇನಿಟ್ ಇಟ್ಟುಕೊಂಡು ಕಟ್ಟಿದ್ದರೆ ಇಷ್ಟೆಲ್ಲ ನೀವೇ ಬರೆಯುವ ಅಗತ್ಯವೂ ಇಲ್ಲ. ಆ ಪುಸ್ತಕದ ಮುಂದಿನ ಭಾಗವಾದ ಬಿಯಾಂಡ್ ಲಿನಕ್ಸ್ ಫ್ರಮ್ ಸ್ಕ್ರ್ಯಾಚ್‌ನ ಬೂಟ್‌ಸ್ಕ್ರಿಪ್ಟ್ ಗಂಟಿನಲ್ಲಿ ಡಬ್ಲ್ಯೂಪಿಎಗೆಂದೇ ಒಂದು ಸರ್ವಿಸ್ ಸ್ಕ್ರಿಪ್ಟ್ ಇದೆ. ಅದನ್ನು ಇನ್‌ಸ್ಟಾಲ್ ಮಾಡಿ. ಆಮೇಲೆ ಇಟಿಸಿ ಒಳಗಿನ ಸಿಸ್‌ಕಾನ್ಫಿಗ್ ಫೋಲ್ಡರಿನಲ್ಲಿ ಆ ಕಾರ್ಡಿಗೊಂದು ಐಎಫ್‌ಕಾನ್ಫಿಗ್ ಫೈಲ್ ಬರೆಯಿರಿ. ಆನ್‌ಬೂಟ್ ಎಸ್, ಐಫೇಸ್ ಎಂದರೆ ನಿಮ್ಮ ಕಾರ್ಡಿನ ಹೆಸರು, ಸರ್ವಿಸ್ ಡಬ್ಲ್ಯೂಪಿಎ, ಡಬ್ಲ್ಯೂಪಿಎ ಸರ್ವಿಸ್ ಡಿಎಚ್‌ಸಿಪಿಸಿಡಿ. ಮುಖ್ಯವಾಗಿ ಇಷ್ಟೇ. ಸಪ್ಲಿಕಂಟಿನ ಕಾನ್ಫಿಗ್ ಫೈಲಿನ ಹೆಸರಿನಲ್ಲೂ ಅದೇ ಕಾರ್ಡ್ ಹೆಸರು ಇರಬೇಕು. ಒಂದು ಕಡೆ ಡಬ್ಲ್ಯೂಲ್ಯಾನ್0, ಇನ್ನೊಂದು ಕಡೆ ಡಬ್ಲ್ಯೂಎಲ್‌ಪಿ2ಎಸ್0 ಎಂದಿದ್ದರೆ ಸ್ಕ್ರಿಪ್ಟಿಗೆ ಫೈಲೇ ಸಿಗುವುದಿಲ್ಲ. ಹೆಸರು ಬದಲಾಗುವುದು ಸಾಧನಗಳನ್ನು ನೋಡಿಕೊಳ್ಳುವ ಯುಡೆವ್ ಎಂಬ ಪ್ರೋಗ್ರಾಮಿನ ಕೈವಾಡ. ಕಾರ್ಡ್ ಯಾವ ಸ್ಲಾಟಿನಲ್ಲಿದೆ ಎಂಬುದರ ಮೇಲೆ ಅದು ಹೆಸರಿಡುತ್ತದೆ. ಐಡಬ್ಲ್ಯೂ ಡೆವ್ ಕಮಾಂಡ್ ಕೊಟ್ಟು ನಿಮ್ಮಲ್ಲಿ ನಿಜವಾಗಿ ಇರುವ ಹೆಸರು ಯಾವುದು ಅಂತ ನೋಡಿ, ಅದನ್ನೇ ಎಲ್ಲ ಕಡೆ ಬರೆಯಿರಿ.

ಪ್ರಶ್ನೆ: ನನಗೆ ಕಾರ್ಡೇ ಕಾಣಿಸುತ್ತಿಲ್ಲ. ಕರ್ನಲ್ ಬರೆಯುವ ಡಿಮೆಸೇಜ್ ಲಾಗಿನಲ್ಲಿ ಫರ್ಮ್‌ವೇರ್ (ಕಾರ್ಡಿನೊಳಗೆ ಓಡುವ ಪ್ರೋಗ್ರಾಮ್) ಲೋಡ್ ಆಗಲಿಲ್ಲ, ಎರರ್ ಮೈನಸ್ 2 ಎಂದು ಬರುತ್ತದೆ. ಮೈನಸ್ 2 ಎಂದರೆ ಫೈಲ್ ಇಲ್ಲ ಎಂದಂತೆ. ಆದರೆ ಫೈಲ್ ಇದೆ! ಲಿಬ್ ಒಳಗಿನ ಫರ್ಮ್‌ವೇರ್ ಫೋಲ್ಡರಿನಲ್ಲಿ ಕಣ್ಣೆದುರಿಗೇ ಇದೆ. ತಲೆ ಕೆಟ್ಟುಹೋಗಿದೆ.

ಉತ್ತರ: ಫೈಲ್ ಈಗ ಇದೆ. ಕರ್ನಲ್ ಹುಡುಕಿದ ಹೊತ್ತಿನಲ್ಲಿ ಇರಲಿಲ್ಲ. ಡ್ರೈವರನ್ನು ನೀವು ಕರ್ನಲ್‌ನೊಳಗೇ ಸೇರಿಸಿ ಕಂಪೈಲ್ ಮಾಡಿದ್ದೀರಿ, ಅಂದರೆ ಕರ್ನಲ್ ಕಾನ್ಫಿಗ್‌ನಲ್ಲಿ ಎಮ್ (ಬೇಕಾದಾಗ ಎಳೆದುಕೊಳ್ಳುವ ಮಾಡ್ಯೂಲ್) ಬದಲು ವೈ ಹಾಕಿದ್ದೀರಿ, ಅಲ್ವಾ? ಆಗ ಡ್ರೈವರ್ ಬೂಟ್‌ನ ಮೊದಲ ಕ್ಷಣಗಳಲ್ಲೇ ಎದ್ದು ಕಾರ್ಡ್ ಹುಡುಕಿ ಫರ್ಮ್‌ವೇರ್ ಕೇಳುತ್ತದೆ. ನಿಮ್ಮ ಡಿಸ್ಕಿನ ರೂಟ್ ಪಾರ್ಟಿಷನ್ ಇನ್ನೂ ಮೌಂಟ್ ಆಗಿರುವುದೇ ಇಲ್ಲ. ಲಿಬ್ ಫೋಲ್ಡರೇ ಇಲ್ಲದ ಹೊತ್ತಿನಲ್ಲಿ ಅದರೊಳಗಿನ ಫೈಲ್ ಎಲ್ಲಿಂದ ಬರಬೇಕು?

ಸ್ವಂತ ಕರ್ನಲ್ ಕಟ್ಟುವವರಿಗೆ ಎಲ್ಲದಕ್ಕೂ ವೈ ಒತ್ತುವ ಚಾಳಿ ಇರುತ್ತದೆ, ನನಗೂ ಇತ್ತು. ಮಾಡ್ಯೂಲ್ ಯಾಕೆ, ಎಲ್ಲಾ ಒಂದೇ ಇಮೇಜಿನಲ್ಲಿದ್ದರೆ ಚೊಕ್ಕ ಅಂತ. ವೈಫೈ ವಿಷಯದಲ್ಲಿ ಆ ಚೊಕ್ಕತನ ಬೇಡ. ಇಂಟೆಲ್ ಕಾರ್ಡಿನ ಐಡಬ್ಲ್ಯೂಎಲ್‌ವೈಫೈ ಆಗಲಿ, ರಿಯಲ್‌ಟೆಕ್ ಆಗಲಿ, ಬ್ರಾಡ್‌ಕಾಮ್ ಆಗಲಿ, ಡ್ರೈವರನ್ನು ಮಾಡ್ಯೂಲ್ ಆಗಿ ಕಟ್ಟಿ. ರೂಟ್ ಮೌಂಟ್ ಆದ ಮೇಲೆ ಯುಡೆವ್ ಬಂದು ಕಾರ್ಡಿನ ಗುರುತು ನೋಡಿ ಮಾಡ್ಯೂಲ್ ಎಳೆದುಕೊಳ್ಳುತ್ತದೆ, ಆ ಹೊತ್ತಿಗೆ ಫರ್ಮ್‌ವೇರ್ ಫೈಲ್ ಕೈಗೆ ಸಿಗುತ್ತದೆ. ಇಲ್ಲ, ಒಳಗೇ ಇರಬೇಕು ಎಂಬ ಹಟವಿದ್ದರೆ ಕರ್ನಲ್‌ನ ಎಕ್ಸ್‌ಟ್ರಾ ಫರ್ಮ್‌ವೇರ್ ಆಯ್ಕೆಯಲ್ಲಿ ಆ ಫೈಲಿನ ಹೆಸರು ಬರೆದು ಫರ್ಮ್‌ವೇರನ್ನೂ ಇಮೇಜಿಗೇ ಸೇರಿಸಿಬಿಡಿ. ಪಿಸಿಐ ಸ್ಲಾಟಿನ ಹಳೇ ಅಥೆರಾಸ್ ಕಾರ್ಡಿಗೆ ಎಟಿಎಚ್9ಕೆ ಡ್ರೈವರ್ ಇದ್ದರೆ ಈ ಕಾಟವೇ ಇಲ್ಲ. ಅದಕ್ಕೆ ಹೊರಗಿನ ಫರ್ಮ್‌ವೇರ್ ಬೇಡವೇ ಬೇಡ. ಪುಣ್ಯಾತ್ಮ ಕಾರ್ಡ್.

ಇನ್ನೊಂದು ಗುಂಡಿ ಇದೆ, ನೋಡಿಕೊಳ್ಳಿ. ಫರ್ಮ್‌ವೇರ್ ಫೈಲನ್ನು ಬೇರೊಂದು ಡಿಸ್ಟ್ರೋದಿಂದ ಕಾಪಿ ಮಾಡಿದ್ದರೆ ಅದು ಎಕ್ಸ್‌ಝಡ್ ಅಥವಾ ಝಡ್‌ಸ್ಟ್ಯಾಂಡರ್ಡ್‌ನಲ್ಲಿ ಕುಗ್ಗಿಸಿದ ಫೈಲ್ ಆಗಿರಬಹುದು. ಅದನ್ನು ಓದಲು ಕರ್ನಲ್‌ನಲ್ಲಿ ಬೇರೆಯೇ ಆಯ್ಕೆ ಆನ್ ಆಗಿರಬೇಕು. ಇಲ್ಲದಿದ್ದರೆ ಮತ್ತದೇ ಮೈನಸ್ 2. ಬಿಚ್ಚಿ ಹಾಕಿ, ಮುಗಿಯಿತು.

ಕರ್ನಲ್ ಕಾನ್ಫಿಗ್ ತೆರೆದಾಗಲೇ ಪ್ಯಾಕೆಟ್ ಸಾಕೆಟ್ ಆಯ್ಕೆಯನ್ನೂ ಒಮ್ಮೆ ನೋಡಿ. ಕರ್ನಲ್ ಸಣ್ಣದಾಗಲಿ ಎಂದು ಸಿಕ್ಕಿದ್ದೆಲ್ಲ ಕಿತ್ತುಹಾಕುವವರು ಇದನ್ನೂ ಕಿತ್ತಿರುತ್ತಾರೆ. ಆಮೇಲೆ ಸಪ್ಲಿಕಂಟ್ 'ಅಡ್ರೆಸ್ ಫ್ಯಾಮಿಲಿ ಸಪೋರ್ಟ್ ಇಲ್ಲ' ಎಂದು ಗೊಣಗುತ್ತದೆ, ಡಿಎಚ್‌ಸಿಪಿಯೂ ನಡೆಯುವುದಿಲ್ಲ.

ಪ್ರಶ್ನೆ: ನನ್ನದು ಸಿಸ್‌ವಿ ಬದಲು ಸಿಸ್ಟಮ್‌ಡಿ ಇರುವ ಸಿಸ್ಟಮ್, ಯುಎಸ್‌ಬಿ ವೈಫೈ ಡಾಂಗಲ್. ಡಾಂಗಲ್ ಚುಚ್ಚಿದ್ದರೆ ಎಲ್ಲ ಸರಿ. ಚುಚ್ಚದೆ ಬೂಟ್ ಮಾಡಿದರೆ ಒಂದೂವರೆ ನಿಮಿಷ ಸುಮ್ನೆ ನಿಲ್ಲುತ್ತದೆ, ಕೆಲವು ಸಲ ಎರಡು ನಿಮಿಷ. ಆಮೇಲೆ ಡಾಂಗಲ್ ಹಾಕಿದರೂ ವೈಫೈ ತಾನಾಗಿ ಬರುವುದಿಲ್ಲ.

ಉತ್ತರ: ನಿಮ್ಮಲ್ಲಿ ಎರಡು ಬೇರೆ ಬೇರೆ ಕಾಯುವಿಕೆ ಒಟ್ಟಿಗೆ ಸೇರಿಕೊಂಡಿವೆ. ಒಂದೂವರೆ ನಿಮಿಷದ್ದು, ಅಂದರೆ 90 ಸೆಕೆಂಡಿನದು, ಡಾಂಗಲ್‌ಗಾಗಿ. ಸಪ್ಲಿಕಂಟ್ ಜೊತೆ ಬರುವ ಸರ್ವಿಸ್ ಫೈಲಿನಲ್ಲಿ ಅಟ್ ಚಿಹ್ನೆಯ ನಂತರ ಕಾರ್ಡಿನ ಹೆಸರು ಬರೆದು ಎನೇಬಲ್ ಮಾಡುತ್ತೀರಲ್ಲ, ಅದರೊಳಗೆ 'ಈ ಹೆಸರಿನ ಕಾರ್ಡ್ ಬರುವ ತನಕ ನನ್ನನ್ನು ಶುರು ಮಾಡಬೇಡ' ಎಂದು ಬರೆದಿದೆ. ಒಳ್ಳೆಯ ನಿಯಮವೇ. ಕಾರ್ಡ್ ಬರಲಿ ಎಂದು ಸ್ಲೀಪ್ ಹಾಕಿ ಕಾಯುವ ರಗಳೆ ಇದರಿಂದ ತಪ್ಪುತ್ತದೆ. ಆದರೆ ಕಾರ್ಡ್ ಬರಲೇ ಇಲ್ಲ ಅಂದರೆ ಸಿಸ್ಟಮ್‌ಡಿ 90 ಸೆಕೆಂಡ್ ಕಾದು ಕೈಚೆಲ್ಲುತ್ತದೆ. ಒಮ್ಮೆ ಕೈಚೆಲ್ಲಿದ ಮೇಲೆ ನೀವು ಡಾಂಗಲ್ ಹಾಕಿದರೂ ಆ ಸರ್ವಿಸನ್ನು ಯಾರೂ ಎಬ್ಬಿಸುವುದಿಲ್ಲ.

ಪರಿಹಾರ ಎಂದರೆ ಕರೆಯುವವರನ್ನು ಬದಲಾಯಿಸುವುದು. ಈಗ ಆ ಸರ್ವಿಸನ್ನು ಎಬ್ಬಿಸುತ್ತಿರುವುದು ಮಲ್ಟಿಯೂಸರ್ ಟಾರ್ಗೆಟ್, ಅಂದರೆ ಬೂಟ್ ಪ್ರಕ್ರಿಯೆ. ಅದರ ಬದಲು ಕಾರ್ಡಿನ ಡಿವೈಸ್ ಯೂನಿಟ್ಟೇ ಎಬ್ಬಿಸುವಂತೆ ಮಾಡಿ. ಸರ್ವಿಸನ್ನು ಮೊದಲು ಡಿಸೇಬಲ್ ಮಾಡಿ, ಯೂನಿಟ್ ಫೈಲಿನ ಒಂದು ಪ್ರತಿಯನ್ನು ಇಟಿಸಿ ಕೆಳಗಿನ ಸಿಸ್ಟಮ್‌ಡಿ ಫೋಲ್ಡರಿಗೆ ತಂದುಕೊಂಡು, ಇನ್‌ಸ್ಟಾಲ್ ಭಾಗದ ವಾಂಟೆಡ್‌ಬೈ ಸಾಲಿನಲ್ಲಿ ಆ ಡಿವೈಸ್ ಹೆಸರು ಹಾಕಿ, ಮತ್ತೆ ಎನೇಬಲ್ ಮಾಡಿ. ಈಗ ಬೂಟ್ ಯಾರಿಗೂ ಕಾಯುವುದಿಲ್ಲ, ಡಾಂಗಲ್ ಬಂದ ಗಳಿಗೆಯಲ್ಲಿ ಸಪ್ಲಿಕಂಟ್ ಏಳುತ್ತದೆ.

ಎರಡು ನಿಮಿಷದ್ದು ಸಿಸ್ಟಮ್‌ಡಿಯ ನೆಟ್‌ವರ್ಕ್ ಭಾಗವಾದ ನೆಟ್‌ವರ್ಕ್‌ಡಿಯ ವೇಟ್ ಆನ್‌ಲೈನ್ ಎಂಬ ಸರ್ವಿಸಿನದು. ಅದರ ಮಾಮೂಲಿ ಗಡುವು 120 ಸೆಕೆಂಡ್. ನೆಟ್‌ವರ್ಕ್‌ಡಿ ನೋಡಿಕೊಳ್ಳುವ ಕಾರ್ಡುಗಳೆಲ್ಲ ತಯಾರಾಗಲಿ ಎಂದು ಅದು ಕಾಯುತ್ತದೆ. ಕೇಬಲ್ ಹಾಕದ ಲ್ಯಾನ್ ಪೋರ್ಟ್ ಇದ್ದರೂ ಇದೇ ಗೋಳು. ಆ ಕಾರ್ಡಿನ ನೆಟ್‌ವರ್ಕ್ ಫೈಲಿನ ಲಿಂಕ್ ಭಾಗದಲ್ಲಿ ರಿಕ್ವೈರ್ಡ್ ಫಾರ್ ಆನ್‌ಲೈನ್ ನೋ ಎಂದು ಬರೆದರೆ ಅದನ್ನು ಲೆಕ್ಕದಿಂದ ಬಿಡುತ್ತದೆ. ಮನೆಯ ಲ್ಯಾಪ್‌ಟಾಪಿನಲ್ಲಿ ಬೂಟ್ ಹೊತ್ತಿಗೇ ನೆಟ್‌ವರ್ಕ್ ಬೇಕಾದ ಕೆಲಸ, ಅಂದರೆ ನೆಟ್‌ವರ್ಕಿನಿಂದ ಫೋಲ್ಡರ್ ಮೌಂಟ್ ಮಾಡುವಂಥದ್ದು, ಇಲ್ಲದಿದ್ದರೆ ನಾನಂತೂ ಆ ವೇಟ್ ಸರ್ವಿಸನ್ನೇ ಡಿಸೇಬಲ್ ಮಾಡಿಬಿಡುತ್ತೇನೆ.

ಪ್ರಶ್ನೆ: ವೈಫೈ ಪಾಸ್‌ವರ್ಡನ್ನು ಕಾನ್ಫಿಗ್ ಫೈಲಿನಲ್ಲಿ ಹಾಗೇ ಬರೆದಿಡುವುದು ಸರಿಯಾ? ಡಬ್ಲ್ಯೂಪಿಎ ಪಾಸ್‌ಫ್ರೇಸ್ ಬಳಸಿದರೆ ಸುರಕ್ಷಿತವಾ?

ಉತ್ತರ: ಅರ್ಧ ಸುರಕ್ಷಿತ. ಆ ಕಮಾಂಡ್ ನಿಮ್ಮ ಪಾಸ್‌ವರ್ಡ್ ಮತ್ತು ನೆಟ್‌ವರ್ಕ್ ಹೆಸರನ್ನು ಸೇರಿಸಿ 4096 ಸುತ್ತು ಅರೆದು 64 ಅಕ್ಷರದ ಒಂದು ಕೀ ಕೊಡುತ್ತದೆ. ನಿಮ್ಮ ಮೂಲ ಪಾಸ್‌ವರ್ಡ್ ಅದರಿಂದ ನೇರವಾಗಿ ಕಾಣುವುದಿಲ್ಲ ನಿಜ, ಆದರೆ ಆ ಕೀ ಸಿಕ್ಕವರು ನಿಮ್ಮ ನೆಟ್‌ವರ್ಕಿಗೆ ಹಾಗೇ ಸೇರಿಕೊಳ್ಳಬಹುದು. ತಮಾಷೆ ಎಂದರೆ ಆ ಕಮಾಂಡ್ ಮೂಲ ಪಾಸ್‌ವರ್ಡನ್ನೂ ಒಂದು ಕಾಮೆಂಟ್ ಸಾಲಾಗಿ ಅದೇ ಫೈಲಿನಲ್ಲಿ ಬಿಟ್ಟಿರುತ್ತದೆ. ಮೊದಲು ಆ ಸಾಲು ಅಳಿಸಿ. ಫೈಲಿನ ಅನುಮತಿ 600 ಮಾಡಿ, ರೂಟ್ ಬಿಟ್ಟು ಬೇರೆಯವರು ಓದದ ಹಾಗೆ. ಪಾಸ್‌ವರ್ಡನ್ನು ಕಮಾಂಡ್ ಸಾಲಿನಲ್ಲೇ ಟೈಪ್ ಮಾಡಿದ್ದರೆ ಶೆಲ್ ಹಿಸ್ಟರಿಯಲ್ಲೂ ಉಳಿದಿರುತ್ತದೆ, ಅದನ್ನು ತೆಗೆಯದೆ ಫೈಲಿಗೆ ಮಾತ್ರ ಬೀಗ ಹಾಕುವುದು ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ನೆಟ್‌ವರ್ಕ್ ಹೆಸರನ್ನಷ್ಟೇ ಕೊಟ್ಟು ಎಂಟರ್ ಒತ್ತಿ, ಪಾಸ್‌ವರ್ಡನ್ನು ಅದು ಆಮೇಲೆ ಕೇಳುತ್ತದೆ.

ರೌಟರಿನ ಹೆಸರು ಬದಲಾಯಿಸಿದರೆ ಪಾಸ್‌ವರ್ಡ್ ಅದೇ ಇದ್ದರೂ ಈ ಕೀ ಕೆಲಸ ಮಾಡುವುದಿಲ್ಲ, ಹೆಸರೂ ಲೆಕ್ಕದಲ್ಲಿ ಸೇರಿದೆಯಲ್ಲ, ಹಾಗಾಗಿ. ಡಬ್ಲ್ಯೂಪಿಎ3 ಮಾತ್ರ ಇರುವ ರೌಟರಿಗೂ ಈ ಕೀ ನಡೆಯದು. ಅಲ್ಲಿ ಎಸ್‌ಎಇ ಎಂಬ ಬೇರೆ ಲೆಕ್ಕ, ಅದಕ್ಕೆ ಮೂಲ ಪಾಸ್‌ವರ್ಡೇ ಬೇಕು. ಕೀ ಮ್ಯಾನೇಜ್‌ಮೆಂಟ್ ಸಾಲಿನಲ್ಲಿ ಎಸ್‌ಎಇ ಎಂದು ಬರೆದು, ಮ್ಯಾನೇಜ್‌ಮೆಂಟ್ ಫ್ರೇಮ್ ರಕ್ಷಣೆಯ ಆಯ್ಕೆಯನ್ನು 2ಕ್ಕೆ ಇಡಿ. ಸಪ್ಲಿಕಂಟನ್ನು ನೀವೇ ಕಂಪೈಲ್ ಮಾಡಿದವರು, ಆಗ ಬಿಲ್ಡ್ ಕಾನ್ಫಿಗ್‌ನಲ್ಲಿ ಎಸ್‌ಎಇ ಆನ್ ಇತ್ತಾ ಅಂತಲೂ ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ರೌಟರ್ ಹೆಸರು ಹೈಡ್ ಮಾಡಿದ್ದೇನೆ. ಫೋನ್ ಸೇರಿಕೊಳ್ಳುತ್ತದೆ, ಲ್ಯಾಪ್‌ಟಾಪ್ ಬೂಟ್ ಆದಾಗ ಸೇರಿಕೊಳ್ಳಲ್ಲ. ಹೆಸರು ತೋರಿಸುವ ಹಾಗೆ ಮಾಡಿದರೆ ತಕ್ಷಣ ಬರುತ್ತದೆ.

ಉತ್ತರ: ಇದರ ಹಿಂದೆ ಬಿದ್ದು ನಾನೊಂದು ರಾತ್ರಿ ಪೂರ್ತಿ ಕಳೆದುಕೊಂಡಿದ್ದೇನೆ, ಅದಕ್ಕೆ ಸ್ವಲ್ಪ ಉದ್ದ ಹೇಳುತ್ತೇನೆ. ಹೆಸರು ಬಚ್ಚಿಟ್ಟ ರೌಟರ್ ತಾನಾಗಿ ಹೆಸರು ಹೇಳುವುದಿಲ್ಲ. 'ಇಂಥ ಹೆಸರಿನವರು ಇದ್ದೀರಾ' ಎಂದು ನಿಮ್ಮ ಕಾರ್ಡ್ ಕೂಗಿ ಕೇಳಬೇಕು, ಆಗ ಓಗೊಡುತ್ತದೆ. ಕೂಗಲು ಹೇಳುವುದಕ್ಕೆ ಸಪ್ಲಿಕಂಟಿನ ನೆಟ್‌ವರ್ಕ್ ಭಾಗದಲ್ಲಿ ಸ್ಕ್ಯಾನ್ ಎಸ್‌ಎಸ್‌ಐಡಿ 1 ಎಂಬ ಸಾಲು ಬೇಕು. ಹೆಚ್ಚಿನವರಿಗೆ ಇಷ್ಟು ಹಾಕಿದರೆ ಸಾಕು.

ನನಗೆ ಸಾಕಾಗಲಿಲ್ಲ. ರೌಟರ್ 5 ಗಿಗಾಹರ್ಟ್ಸ್‌ನಲ್ಲಿತ್ತು. ಯಾವ ದೇಶ ಎಂದು ತಿಳಿಯದಿದ್ದರೆ ಕರ್ನಲ್ 00 ಎಂಬ ಎಲ್ಲ ಕಡೆಗೂ ಹೊಂದುವ ನಿಯಮ ಹಿಡಿಯುತ್ತದೆ. ಆ ನಿಯಮದಲ್ಲಿ 5 ಗಿಗಾಹರ್ಟ್ಸ್‌ ಚಾನಲ್‌ಗಳಲ್ಲಿ, ಹಾಗೇ 12 ಮತ್ತು 13ನೇ ಚಾನಲ್‌ಗಳಲ್ಲಿ, ಕಾರ್ಡ್ ತಾನಾಗಿ ಕೂಗುವ ಹಾಗಿಲ್ಲ. ಕಿವಿಗೊಟ್ಟು ಕೂರಬಹುದು ಅಷ್ಟೇ. ಅಂದರೆ ರೌಟರ್ ತನ್ನ ಹೆಸರು ಹೇಳಲ್ಲ, ಕಾರ್ಡ್ ಕೇಳಲ್ಲ. ಇಬ್ಬರೂ ಬಾಯಿ ಮುಚ್ಚಿಕೊಂಡು ಕೂತರೆ ಭೇಟಿ ಆಗುವುದಾದರೂ ಹೇಗೆ?

ಕಾನ್ಫಿಗ್ ಫೈಲಿನ ಮೇಲ್ಭಾಗದಲ್ಲಿ ಕಂಟ್ರಿ ಎಂಬ ಸಾಲಿನಲ್ಲಿ ನೀವಿರುವ ದೇಶದ ಎರಡಕ್ಷರದ ಸಂಕೇತ ಬರೆಯಿರಿ. ಜೊತೆಗೆ ರೆಗ್ಯುಲೇಟರಿ ಡಿಬಿ ಎಂಬ ಫೈಲ್ ಮತ್ತು ಅದರ ಸಹಿಯ ಫೈಲ್, ಎರಡೂ ಫರ್ಮ್‌ವೇರ್ ಫೋಲ್ಡರಿನಲ್ಲಿರಬೇಕು. 4.15ನೇ ಆವೃತ್ತಿಯಿಂದ ಕರ್ನಲ್ ಇವನ್ನು ತಾನೇ ಓದುತ್ತದೆ, ಮೊದಲಿದ್ದ ಸಿಆರ್‌ಡಿಎ ಎಂಬ ಮಧ್ಯವರ್ತಿ ಈಗ ಬೇಡ. ಇಲ್ಲೂ ಅದೇ ಹಳೇ ಕಥೆ ನೆನಪಿಡಿ: ಸಿಎಫ್‌ಜಿ80211 ಭಾಗವನ್ನು ವೈ ಹಾಕಿ ಕಟ್ಟಿದ್ದರೆ ರೂಟ್ ಮೌಂಟ್ ಆಗುವ ಮುಂಚೆಯೇ ಅದು ಈ ಫೈಲ್ ಕೇಳಿ ಸಿಗದೆ ಸೋಲುತ್ತದೆ. ಅದನ್ನೂ ಮಾಡ್ಯೂಲ್ ಮಾಡಿ.

ಇಷ್ಟಾದ ಮೇಲೆ ಕೇಳುತ್ತೇನೆ, ಹೆಸರು ಬಚ್ಚಿಟ್ಟು ಏನು ಸಿಕ್ಕಿತು? ಸೇರಿಕೊಳ್ಳುವ ಪ್ರತಿ ಸಾಧನವೂ ಆ ಹೆಸರನ್ನು ಗಾಳಿಯಲ್ಲಿ ಕೂಗಿಯೇ ಸೇರಿಕೊಳ್ಳುವುದು, ಕೇಳಿಸಿಕೊಳ್ಳಬೇಕೆಂದವರಿಗೆ ಕೇಳಿಸುತ್ತದೆ. ನಾನು ಮಾರನೇ ದಿನವೇ ತೋರಿಸುವಂತೆ ಮಾಡಿಬಿಟ್ಟೆ.

ಪ್ರಶ್ನೆ: ಬೂಟ್ ಆದ ತಕ್ಷಣ ವೈಫೈ ಬರುತ್ತದೆ, ಐಪಿ ವಿಳಾಸವೂ ಬರುತ್ತದೆ, ಅಂಕಿಯ ವಿಳಾಸಕ್ಕೆ ಪಿಂಗ್ ಹೋಗುತ್ತದೆ. ಸೈಟ್ ಹೆಸರು ಕೊಟ್ಟರೆ ಮಾತ್ರ ಸಿಗಲ್ಲ.

ಉತ್ತರ: ವೈಫೈ ತಪ್ಪಲ್ಲ, ಡಿಎನ್‌ಎಸ್‌ನದು, ಅಂದರೆ ಸೈಟ್ ಹೆಸರಿಗೆ ಅಂಕಿಯ ವಿಳಾಸ ಹುಡುಕಿಕೊಡುವ ವ್ಯವಸ್ಥೆಯದು. ಇಟಿಸಿ ಒಳಗಿನ ರಿಸಾಲ್ವ್ ಕಾನ್ಫ್ ಫೈಲ್ ತೆರೆದು ನೋಡಿ. ಸಿಸ್ಟಮ್ ಕಟ್ಟುವಾಗ ಹಾಕಿದ ಹಳೇ ಸಾಲು ಹಾಗೇ ಕೂತಿರಬಹುದು. ಡಿಎಚ್‌ಸಿಪಿಸಿಡಿ ಇದ್ದರೆ ಅದೇ ಈ ಫೈಲನ್ನು ಬರೆಯುತ್ತದೆ, ಬರೆಯಲು ಬಿಡಿ. ಸಿಸ್ಟಮ್‌ಡಿ ರಿಸಾಲ್ವ್‌ಡಿ ಬಳಸಿದರೆ ಈ ಫೈಲ್ ರನ್ ಫೋಲ್ಡರಿನೊಳಗಿನ ಸ್ಟಬ್ ಫೈಲಿಗೆ ಕೊಂಡಿಯಾಗಿರಬೇಕು, ಒಳಗೆ 127.0.0.53 ಕಾಣಬೇಕು. ಅದೂ ಸರಿಯಿದ್ದರೆ ಎನ್‌ಎಸ್‌ಸ್ವಿಚ್ ಫೈಲಿನ ಹೋಸ್ಟ್ಸ್ ಸಾಲಿನಲ್ಲಿ ಡಿಎನ್‌ಎಸ್ ಎಂಬ ಪದ ಇದೆಯಾ ನೋಡಿ.

ಪ್ರಶ್ನೆ: ಇಷ್ಟೆಲ್ಲ ಒದ್ದಾಟ ಯಾಕೆ, ವೈಫೈಯನ್ನು ತಾವೇ ನೋಡಿಕೊಳ್ಳುವ ಐಡಬ್ಲ್ಯೂಡಿ ಅಥವಾ ನೆಟ್‌ವರ್ಕ್ ಮ್ಯಾನೇಜರ್ ಹಾಕಿದರೆ ಆಗಲ್ವಾ?

ಉತ್ತರ: ಆಗುತ್ತದೆ. ದಿನಕ್ಕೆ ನಾಲ್ಕು ಕಡೆ ಓಡಾಡುವ ಲ್ಯಾಪ್‌ಟಾಪ್ ಆದರೆ ನೆಟ್‌ವರ್ಕ್ ಮ್ಯಾನೇಜರ್ ಹಾಕಿ, ಅವಲಂಬನೆಗಳ ಸಾಲು ಉದ್ದ ಇದ್ದರೂ ಕಟ್ಟಿದ ಶ್ರಮಕ್ಕೆ ತಕ್ಕ ಸುಖ ಇದೆ. ಒಂದೇ ಕಡೆ ಕೂರುವ ಯಂತ್ರಕ್ಕೆ ಅದು ಭಾರ. ಇಂಟೆಲ್‌ನವರು ಬರೆದ ಐಡಬ್ಲ್ಯೂಡಿ ನನಗೆ ಇಷ್ಟ. 2019ರಲ್ಲಿ ಅದರ 1.0 ಬಂತು. ಮೇನ್ ಕಾನ್ಫ್ ಫೈಲಿನಲ್ಲಿ ಎನೇಬಲ್ ನೆಟ್‌ವರ್ಕ್ ಕಾನ್ಫಿಗರೇಷನ್ ಟ್ರೂ ಎಂದು ಬರೆದರೆ ಐಪಿ ವಿಳಾಸವನ್ನೂ ಅದೇ ತೆಗೆದುಕೊಳ್ಳುತ್ತದೆ, ಬೇರೆ ಡಿಎಚ್‌ಸಿಪಿ ಪ್ರೋಗ್ರಾಮ್ ಬೇಡ. ಒಮ್ಮೆ ಸೇರಿದ ನೆಟ್‌ವರ್ಕನ್ನು ನೆನಪಿಟ್ಟುಕೊಂಡು ಮುಂದಿನ ಬೂಟ್‌ನಲ್ಲಿ ತಾನಾಗಿ ಸೇರುತ್ತದೆ. ಆದರೆ ಕ್ರಿಪ್ಟೋ ಕೆಲಸವನ್ನು ಅದು ಕರ್ನಲ್‌ನಿಂದಲೇ ಮಾಡಿಸುತ್ತದೆ, ಹಾಗಾಗಿ ಕರ್ನಲ್‌ನಲ್ಲಿ ಕ್ರಿಪ್ಟೋ ಯೂಸರ್ ಎಪಿಐ ಆಯ್ಕೆಗಳು ಬೇಕು, ಪ್ರೋಗ್ರಾಮ್‌ಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ಡಿಬಸ್ ಬೇಕು. ಇವಿಲ್ಲದೆ ಅದು ಏಳುವುದಿಲ್ಲ, ಯಾವ ಆಯ್ಕೆ ಕಾಣೆಯಾಗಿದೆ ಎಂದು ಹೆಸರು ಸಮೇತ ಹೇಳುತ್ತದೆ, ಅದೊಂದು ಒಳ್ಳೆಯ ಗುಣ.

ಬದಲಾಯಿಸುವಾಗ ಹಳೆಯದನ್ನು ಪೂರ್ತಿ ನಿಲ್ಲಿಸಿ. ಒಂದೇ ಕಾರ್ಡಿಗೆ ಸಪ್ಲಿಕಂಟ್ ಮತ್ತು ಐಡಬ್ಲ್ಯೂಡಿ ಎರಡೂ ಬಿದ್ದರೆ ಒಬ್ಬರು ಸೇರಿಸುವುದು, ಇನ್ನೊಬ್ಬರು ಕಿತ್ತುಹಾಕುವುದು, ನಿಮಿಷಕ್ಕೊಮ್ಮೆ ವೈಫೈ ಬಂದು ಹೋಗುತ್ತದೆ. ಪಿಎಸ್ ಕಮಾಂಡಿನಲ್ಲಿ ಸಪ್ಲಿಕಂಟ್ ಇನ್ನೂ ಓಡುತ್ತಿದೆಯಾ ಅಂತ ನೋಡಿ, ಇದ್ದರೆ ಅದನ್ನು ಎಬ್ಬಿಸುತ್ತಿರುವ ಬೂಟ್ ಸ್ಕ್ರಿಪ್ಟ್ ಯಾವುದು ಅಂತ ಹುಡುಕಿ ತೆಗೆದು, ಆಮೇಲೆ ಐಡಬ್ಲ್ಯೂಡಿ ಶುರು ಮಾಡಿ.